ಅರಿವು ಕೇಂದ್ರಕ್ಕೆ ಏನು ಬೇಕು ಅಂತ ಊರೆಲ್ಲ ಕೇಳಬೇಕಂತೆ. ಹೇಗೆ ಕೇಳೋದು?

ಕಬ್ಬಿನಗದ್ದೆ (ಮದ್ದೂರು ಕಡೆ)
ಎಲ್ಲರಿಗೂ ನಮಸ್ಕಾರ. ನಮ್ಮ ಪಂಚಾಯಿತಿ ಲೈಬ್ರರಿಗೆ, ಈಗಿನ ಹೆಸರಲ್ಲಿ ಅರಿವು ಕೇಂದ್ರಕ್ಕೆ, ಒಂದು ಸಲಹಾ ಸಮಿತಿ ಇದೆ. ಹೋದ ತಿಂಗಳು ನನ್ನನ್ನೂ ಸೇರಿಸಿಕೊಂಡರು. ಕರೆದರೆ ಮೀಟಿಂಗಿಗೆ ಬರುತ್ತಾನೆ ಅನ್ನುವುದೊಂದೇ ನನ್ನ ಅರ್ಹತೆ ಇರಬೇಕು.

ಮೊದಲ ಮೀಟಿಂಗಲ್ಲಿ ಬೋಂಡ, ಟೀ ಆದ ಮೇಲೆ ಒಂದು ತೀರ್ಮಾನ ಆಯ್ತು. ಜನಕ್ಕೆ ಏನು ಬೇಕು ಅಂತ ಮನೆಮನೆಗೆ ಹೋಗಿ ಕೇಳಬೇಕು, ಅದನ್ನು ನೋಡಿಕೊಂಡು ಮುಂದಿನ ವರ್ಷದ ಪ್ಲಾನ್ ಮಾಡಬೇಕು. ಒಳ್ಳೆಯದೇ. ಮಾರನೇ ದಿನ ಯಾರೋ ಎಲ್ಲಿಂದಲೋ ಇಳಿಸಿಕೊಂಡ 42 ಪ್ರಶ್ನೆಯ ಫಾರ್ಮ್ ನಮ್ಮ ವಾಟ್ಸಾಪ್ ಗ್ರೂಪಿಗೆ ಬಂತು. ನಮ್ಮವ್ವನ ಮೇಲೆ ಪ್ರಯೋಗ ಮಾಡಿದೆ. 'ಗ್ರಂಥಾಲಯ ಸೇವೆಯ ಬಗ್ಗೆ ತಮ್ಮ ತೃಪ್ತಿಯ ಮಟ್ಟ: ಅತ್ಯುತ್ತಮ, ಉತ್ತಮ, ಸಾಧಾರಣ' ಅಂತ ಓದಿದೆ. ಅವ್ವ ಸೊಪ್ಪು ಸೋಸುತ್ತಾ, "ನಾನು ಅದ್ರೊಳಕ್ಕೆ ಕಾಲೇ ಇಟ್ಟಿಲ್ವಲ್ಲಪ್ಪ. ಚೆನ್ನಾಗೈತೆ ಅಂತ್ಲೇ ಬರ್ಕೊ ಪಾಪ, ಯಾಕೆ ಸುಮ್ನೆ" ಅಂದಳು.

ಹೀಗೇ ಊರೆಲ್ಲ ಬರೆದುಕೊಂಡರೆ ನಮ್ಮ ಲೈಬ್ರರಿ ರಾಜ್ಯಕ್ಕೇ ಫಸ್ಟ್. ಸುಮಾರು 1,100 ಮನೆ ಇವೆ. ಸಮಿತಿಯಲ್ಲಿ ಕಾಲು ಸವೆಸುವವರು ನಾಲ್ಕೇ ಜನ. ಟೈಮ್ ಒಂದು ತಿಂಗಳು. ಎಲ್ಲ ಮನೆಗೂ ಹೋಗಬೇಕಾ? ಏನು ಕೇಳಬೇಕು? ಇಂಥದ್ದು ಮಾಡಿದವರಿದ್ದರೆ ಹೇಳಿ.

ರಾಗಿಮುದ್ದೆ77
ಉತ್ತರ ಈಗಲೇ ಕೊಡುತ್ತೇನೆ, ಬರೆದುಕೊಳ್ಳಿ. ರಸ್ತೆ, ಚರಂಡಿ, ಬೀದಿದೀಪ. ಸರ್ವೆ ಮುಗೀತು, ಬೋಂಡ ತರಿಸಿ.

ಮಳವಳ್ಳಿ ಮಂಜ
ಅಣ್ಣ, ಜನ ಸರ್ವೆಗೆ ರೋಸಿಹೋಗಿದ್ದಾರೆ. 2025ರ ಸೆಪ್ಟೆಂಬರಲ್ಲಿ ಶುರುವಾದ ಜಾತಿ ಸಮೀಕ್ಷೆಯಲ್ಲಿ 60 ಪ್ರಶ್ನೆ ಇದ್ದವು, ನೆನಪಿದೆಯಲ್ಲ? ನಮ್ಮ ಬೀದಿಗೆ ಬಂದಿದ್ದ ಮೇಷ್ಟ್ರು ನೆಟ್‌ವರ್ಕ್ ಹುಡುಕಿಕೊಂಡು ಓವರ್‌ಹೆಡ್ ಟ್ಯಾಂಕ್ ಕೆಳಗೆ ನಿಂತು, ಮನೆಯವರನ್ನೇ ಅಲ್ಲಿಗೆ ಕರೆಸಿಕೊಳ್ಳುತ್ತಿದ್ದರು. ಆಗ ಅಂಟಿಸಿದ ಸ್ಟಿಕ್ಕರ್ ಇನ್ನೂ ನಮ್ಮ ಮನೆ ಮೇಲಿದೆ. ಈಗ ನೀವು ಫಾರ್ಮ್ ಹಿಡಿದು ಹೋದರೆ ಎರಡೇ ಪ್ರಶ್ನೆ ಬರುತ್ತೆ. ಒಂದು, 'ಯಾವ ದುಡ್ಡು ಬತ್ತದೆ?' ಇನ್ನೊಂದು, 'ರೇಷನ್ ಕಾರ್ಡ್ ಕ್ಯಾನ್ಸಲ್ ಮಾಡಕ್ಕಾ ಬಂದಿರೋದು?'

ಆದಾಯದ ಪ್ರಶ್ನೆ ಇದ್ದರೆ ಮೊದಲು ಹೊಡೆದುಹಾಕಿ. ಅದೊಂದು ಕೇಳಿದರೆ ಮುಂದಿನ ಯಾವ ಉತ್ತರವೂ ನಿಜ ಇರುವುದಿಲ್ಲ.

ಕಬ್ಬಿನಗದ್ದೆ
ಇದೆ ಮಂಜ, ಮೂರನೇ ಪ್ರಶ್ನೆಯೇ ಅದು. ಜೊತೆಗೆ 'ಕುಟುಂಬದ ಒಟ್ಟು ಭೂ ಹಿಡುವಳಿ'. ಲೈಬ್ರರಿಗೂ ಅದಕ್ಕೂ ಏನು ಸಂಬಂಧ ಅಂತ ನಾನೂ ಕೇಳಿದೆ. 'ಇರಲಿ, ಡೇಟಾ ಇದ್ದರೆ ಒಳ್ಳೆಯದು' ಅಂದರು.

ಸರ್ವೆ ಸುಮಾ (ಮೈಸೂರು)
ಹದಿನೈದು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಫಾರ್ಮ್ ಪಕ್ಕಕ್ಕಿಡಿ. ನಿಮ್ಮ ಸಮಿತಿಯ ಕೈಯಲ್ಲಿ ಏನಿದೆ ಅಂತ ಒಂದು ಹಾಳೆಯಲ್ಲಿ ಬರೆಯಿರಿ. ಯಾವ ಪುಸ್ತಕ ತರಿಸುವುದು, ಎಷ್ಟು ಹೊತ್ತು ತೆಗೆದಿರುವುದು, ಕುರ್ಚಿ ಟೇಬಲ್ ಎಲ್ಲಿ ಹಾಕುವುದು, ಕಂಪ್ಯೂಟರ್ ಯಾರು ಮುಟ್ಟಬಹುದು. ನಿಮ್ಮಿಂದ ಬದಲಾಯಿಸೋಕೆ ಆಗುವುದು ಇಷ್ಟೇ ಆದರೆ ಪ್ರಶ್ನೆಯೂ ಇಷ್ಟರ ಬಗ್ಗೆಯೇ ಇರಲಿ. ಕೈಯಲ್ಲಿ ಆಗದ್ದನ್ನು ಕೇಳಿದರೆ ಜನ ಆಸೆ ಇಟ್ಟುಕೊಳ್ಳುತ್ತಾರೆ. ಮುಂದಿನ ಸಲ ಬಾಗಿಲು ತೆಗೆಯುವುದಿಲ್ಲ.

ಎರಡನೆಯದು, 'ನಿಮಗೆ ಏನು ಬೇಕು' ಅಂತ ಯಾವತ್ತೂ ಕೇಳಬೇಡಿ. ಹಾಗೆ ಕೇಳಿದರೆ ರಾಗಿಮುದ್ದೆಯವರ ಉತ್ತರವೇ ಬರುತ್ತೆ. ಜನ ದಡ್ಡರು ಅಂತಲ್ಲ. ಬಂದವನು ಏನು ಕೊಡಬಲ್ಲ ಅಂತ ಮುಖ ನೋಡಿ ಲೆಕ್ಕ ಹಾಕಿ ಹೇಳುತ್ತಾರೆ. ಅದರ ಬದಲು ನಡೆದದ್ದನ್ನು ಕೇಳಿ. ಕೊನೇ ಸಲ ಲೈಬ್ರರಿಗೆ ಯಾವಾಗ ಹೋಗಿದ್ದಿರಿ? ಹೋಗಿ ಏನು ಮಾಡಿದಿರಿ? ಹೋದ ತಿಂಗಳು ಒಂದು ಕಾಗದ ಓದಿಸೋಕೆ ಯಾರ ಹತ್ತಿರ ಹೋದಿರಿ, ದುಡ್ಡು ಎಷ್ಟು ಕೊಟ್ಟಿರಿ? ಮಗು ಸಂಜೆ ಎಲ್ಲಿ ಕೂತು ಓದುತ್ತೆ? ನಡೆದದ್ದರಲ್ಲಿ ಸುಳ್ಳು ಕಮ್ಮಿ.

ಮೂರನೆಯದು, 1,100 ಮನೆ ಸುತ್ತುವ ಹುಚ್ಚು ಬೇಡ. ಸರಿಯಾಗಿ ಆರಿಸಿದರೆ 90 ಮನೆ ಸಾಕು. ಊರೆಲ್ಲ ಕೇಳಿದ್ದರೆ ಬರುತ್ತಿದ್ದ ಲೆಕ್ಕಕ್ಕಿಂತ ನೂರಕ್ಕೆ ಹತ್ತು ಆಚೀಚೆ ಆಗಬಹುದು, ಅಷ್ಟೇ. ನೂರಕ್ಕೆ ಐದೇ ಆಚೀಚೆ ಇರಬೇಕು ಅಂದರೆ 285 ಮನೆ ಬೇಕಾಗುತ್ತೆ, ನಾಲ್ಕು ಜನಕ್ಕೆ ಅದು ಭಾರ. ಆರಿಸುವುದು ಅಂದರೆ ಚೀಟಿ ಎತ್ತಿ ಒಂದು ಮನೆಯಿಂದ ಶುರು ಮಾಡಿ, ಪ್ರತಿ ಹನ್ನೆರಡನೇ ಮನೆಗೆ ಹೋಗುವುದು. ಬೀಗ ಹಾಕಿದ್ದರೆ ಸಂಜೆ ಮತ್ತೆ ಹೋಗಬೇಕು. ಪಕ್ಕದ ಮನೆಯಲ್ಲಿ ಕೇಳಿ ತುಂಬಿಸುವ ಹಾಗಿಲ್ಲ.

ರಾಗಿಮುದ್ದೆ77
ನಮ್ಮೂರಲ್ಲಿ ಹಿಂದೆ ಒಂದು ಸರ್ವೆ ಆಗಿತ್ತು ಅಕ್ಕ. ನೂರು ಫಾರ್ಮ್, ಒಂದೇ ಪೆನ್ನು, ಒಂದೇ ಅಕ್ಷರ, ಒಂದೇ ಜಗಲಿ. ತುಂಬಿಸಿದವನು ನನ್ನ ಷಡ್ಡಕ. ಅವನ ಪ್ರಕಾರ ಊರಲ್ಲಿ ಎಲ್ಲರಿಗೂ ಯೋಗ ತರಬೇತಿ ಬೇಕಿತ್ತು.

ಶ್ರೀರಂಗಪಟ್ಟಣದ ಸೊಸೆ
ಸುಮಾ ಹೇಳಿದ್ದು ಸರಿ. ಆದರೆ 90 ಮನೆಗೆ ಹೋಗಿ ಮಾತಾಡುವುದು ಯಾರ ಜೊತೆ? ಫಾರ್ಮಿನ ಮೊದಲ ಸಾಲು 'ಯಜಮಾನರ ಹೆಸರು' ಅಂತ ತಾನೇ ಇರುತ್ತೆ. ನಮ್ಮ ಮಾವನವರು ಜಗಲಿ ಮೇಲೆ ಕೂತು ನನ್ನ ಪರವಾಗಿಯೂ ಉತ್ತರ ಕೊಟ್ಟುಬಿಡುತ್ತಾರೆ. 'ನಮ್ಮನೆ ಹೆಣ್ಣುಮಕ್ಳಿಗೆ ಕಾದಂಬರಿ ಇಷ್ಟ' ಅಂತ. ನಾನು ಕಾದಂಬರಿ ಓದಿ ಹನ್ನೊಂದು ವರ್ಷ ಆಯ್ತು.

ಗ್ರಾಮಸಭೆಯಲ್ಲೂ ಇದೇ ಕತೆ. ಕೋರಂ ಆಗೋಕೆ ಮತದಾರರಲ್ಲಿ ಹತ್ತರಲ್ಲೊಂದು ಭಾಗ ಅಥವಾ ನೂರು ಜನ, ಯಾವುದು ಕಮ್ಮಿಯೋ ಅಷ್ಟು ಬೇಕು. ಅದರಲ್ಲಿ ಶೇ 30 ಹೆಂಗಸರು ಇರಬೇಕು ಅಂತ ಕಾನೂನೇ ಹೇಳುತ್ತೆ. ಇರುತ್ತೇವೆ. ಸಹಿ ಹಾಕುತ್ತೇವೆ. ಮೈಕು ನಮ್ಮ ಕಡೆ ಬರುವಷ್ಟರಲ್ಲಿ ಊಟದ ಹೊತ್ತಾಗಿರುತ್ತೆ.

ಹಾಲಿನ ಕ್ಯಾನು
ಮನೆಗೆ ಯಾಕೆ ಹೋಗಬೇಕು? ಬೆಳಿಗ್ಗೆ ಆರೂವರೆಗೆ ಡೈರಿ ಹತ್ತಿರ ನಿಲ್ಲಿ. ಊರಿನ ಅರ್ಧ ಹೆಂಗಸರು ಅಲ್ಲೇ ಸಿಗುತ್ತಾರೆ. ಫ್ಯಾಟ್ ನೋಡುವ ತನಕ ಸಾಲಲ್ಲಿ ನಿಂತಿರಲೇಬೇಕು, ಎಲ್ಲೂ ಓಡಿಹೋಗಲ್ಲ. ಮಾವಂದಿರೂ ಇರಲ್ಲ.

ಶ್ರೀರಂಗಪಟ್ಟಣದ ಸೊಸೆ
ಹಾಲಿನ ಕ್ಯಾನು, ನಿಮಗೆ ಕೈ ಮುಗಿದೆ.

ನಿವೃತ್ತ ಮೇಷ್ಟ್ರು
ಮಕ್ಕಳೇ, ಒಂದು ವಿಷಯ ಮರೆತಿದ್ದೀರಿ. ಇದು ಯಾರೋ ಕೊಡುವ ದಾನ ಅಲ್ಲ. ನಿಮ್ಮ ಮನೆ ಕಂದಾಯದ ರಸೀದಿ ತೆಗೆದು ನೋಡಿ. ಆರೋಗ್ಯ ಕರ, ಶಿಕ್ಷಣ ಕರ, ಭಿಕ್ಷುಕರ ಕರ, ಇವುಗಳ ಸಾಲಲ್ಲೇ ಗ್ರಂಥಾಲಯ ಕರ ಅಂತ ನೂರು ರೂಪಾಯಿಗೆ 6 ರೂಪಾಯಿ ಇರುತ್ತೆ. 1965ರ ಗ್ರಂಥಾಲಯ ಕಾಯ್ದೆಯಿಂದ ಬಂದದ್ದು. 2019ರಲ್ಲಿ ಹಳ್ಳಿ ಲೈಬ್ರರಿಗಳನ್ನು ಗ್ರಾಮೀಣಾಭಿವೃದ್ಧಿ ಇಲಾಖೆಗೆ ವಹಿಸಿದರು. ಮಾರನೇ ವರ್ಷ 'ಓದುವ ಬೆಳಕು' ಬಂತು, 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಪುಕ್ಕಟೆ. ಹಾಗಾಗಿ ಮನೆಗೆ ಹೋದಾಗ 'ನಾವು ಏನೋ ಕೊಡೋಕೆ ಬಂದಿದ್ದೀವಿ' ಅಂತ ಮಾತು ತೆಗೆಯಬೇಡಿ. 'ನೀವು ಕಟ್ಟಿದ ದುಡ್ಡು ಹೇಗೆ ಖರ್ಚಾಗಬೇಕು' ಅಂತ ತೆಗೆಯಿರಿ. ಉತ್ತರದ ಧಾಟಿಯೇ ಬೇರೆ ಆಗುತ್ತೆ.

ಇನ್ನೊಂದು ಮಾತು. ಊರನ್ನು ಕೇಳಿ ತಿಳಿಯುವ ಕೆಲಸ ನಮ್ಮ ಜಿಲ್ಲೆಗೆ ಹೊಸದಲ್ಲ. ವಿಯೆನ್ನಾದಲ್ಲಿ ಹುಟ್ಟಿದ ಸ್ಕಾರ್ಲೆಟ್ ಎಪ್‌ಸ್ಟೀನ್ ಅನ್ನುವ ಹೆಣ್ಣುಮಗಳು 1954ರಲ್ಲಿ ಮಂಡ್ಯದ ಸುತ್ತಲ ಎರಡು ಹಳ್ಳಿ ಆರಿಸಿಕೊಂಡು ಎರಡು ವರ್ಷ ಅಧ್ಯಯನ ಮಾಡಿದರು. ಒಂದಕ್ಕೆ ನಾಲೆ ನೀರು ಬಂದಿತ್ತು, ಇನ್ನೊಂದು ಒಣಭೂಮಿ. ಊರಿನ ನಿಜವಾದ ಹೆಸರು ಮುಚ್ಚಿಟ್ಟು ವಂಗಲ, ದಲೇನ ಅಂತ ಬರೆದರು. ಅವರು ಕಂಡದ್ದು ಏನು ಗೊತ್ತಾ? ನೀರು ಬಂದ ಊರು ಕಬ್ಬು ಹಾಕಿಕೊಂಡು ದುಡ್ಡು ಮಾಡಿತು, ಆದರೆ ಒಳಗಿನ ರೀತಿ ರಿವಾಜು ಹೆಚ್ಚು ಬದಲಾಗಲಿಲ್ಲ. ನೀರು ಬಾರದ ಊರಿನವರೇ ಹೊರಗೆ ಹೋಗಿ ನೌಕರಿ, ವ್ಯಾಪಾರ ಹುಡುಕಿಕೊಂಡು ಬದಲಾದರು. 'ನಿಮಗೆ ಏನು ಬೇಕು' ಅಂತ ಕೇಳಿದ್ದರೆ ಎರಡೂ ಊರಿನವರು 'ನೀರು' ಅಂತಿದ್ದರು. ಜೊತೆಯಲ್ಲಿದ್ದು ನೋಡಿದ್ದಕ್ಕೆ ಇದು ಕಂಡಿತು.

ರಾಗಿಮುದ್ದೆ77
ಮೇಷ್ಟ್ರೇ, ಕಬ್ಬಿನಗದ್ದೆಗೆ ಒಂದು ತಿಂಗಳು ಟೈಮ್ ಕೊಟ್ಟಿದ್ದಾರೆ, ಎರಡು ವರ್ಷ ಅಲ್ಲ.

ನಿವೃತ್ತ ಮೇಷ್ಟ್ರು
ಗೊತ್ತು ಕಣಪ್ಪ. ಅದಕ್ಕೇ ಬಾಯಲ್ಲಿ ಕೇಳುವುದರ ಜೊತೆ ಕಣ್ಣಲ್ಲೂ ನೋಡಲಿ ಅಂತ ಹೇಳಿದೆ. ಆಕೆ 1970ರಲ್ಲಿ ಮತ್ತೆ ಅದೇ ಊರುಗಳಿಗೆ ಬಂದು ನೋಡಿದರು. ನಿಮ್ಮ ಸಮಿತಿ ಆರು ತಿಂಗಳ ಮೇಲೆ ಒಂದು ಸಲ ವಾಪಸ್ ಹೋದರೆ ಸಾಕು.

ರಂಗೋಲಿ ಪುಡಿ
ನಾನು ಮೈಸೂರಿನ ಅಬ್ದುಲ್ ನಜೀರ್ ಸಾಬ್ ಸಂಸ್ಥೆಯಲ್ಲಿ ತರಬೇತಿಗೆ ಹೋಗಿದ್ದೆ. ಊರೂರಿಗೆ ಬೋರ್‌ವೆಲ್ ಕೊರೆಸಿ ನೀರ್‌ಸಾಬ್ ಅಂತ ಹೆಸರಾದ ಮಂತ್ರಿಯ ಹೆಸರಿನ ಸಂಸ್ಥೆ ಅದು. ಅಲ್ಲಿ ನಕ್ಷೆ ಹಾಕಿಸುವುದು ಕಲಿಸಿದರು. ಪೇಪರೇ ಬೇಡ. ನೆಲದ ಮೇಲೆ ರಂಗೋಲಿ ಪುಡಿ, ಹುಣಸೆಬೀಜ, ಎಲೆ. ಊರಿನವರೇ ಬೀದಿ ಬರೆಯುತ್ತಾರೆ, ಮನೆ ಇಡುತ್ತಾರೆ, ಯಾವ ಮನೆ ಮಗು ಶಾಲೆ ಬಿಟ್ಟಿದೆ ಅಂತ ಬೀಜ ಇಡುತ್ತಾರೆ. ಅರ್ಧ ಗಂಟೆಯಲ್ಲಿ ನೂರು ಫಾರ್ಮ್‌ಗಿಂತ ಜಾಸ್ತಿ ಗೊತ್ತಾಗುತ್ತೆ.

ಮಳವಳ್ಳಿ ಮಂಜ
ನಮ್ಮಲ್ಲೂ ಹಾಕಿಸಿದ್ದರು ಅಕ್ಕ, 'ನಮ್ಮ ಗ್ರಾಮ ನಮ್ಮ ಯೋಜನೆ' ಅಂತ. ಎಲ್ಲಿ ಹಾಕಿಸಿದರು ಕೇಳಿ. ಗೌಡರ ಮನೆ ಮುಂದೆ, ಹೆಬ್ಬಾಗಿಲ ನೆರಳಲ್ಲಿ. ನಮ್ಮ ಬೀದಿಯವರು ಹುಣಸೇಮರದ ಕೆಳಗೆ ನಿಂತುಕೊಂಡೇ ನೋಡಿದರು, ಹತ್ತಿರ ಬರಲಿಲ್ಲ. ನಕ್ಷೆಯಲ್ಲಿ ನಮ್ಮ ಬೀದಿ ಒಂದು ಗೆರೆ. ಒಂದು ಮನೆಯೂ ಇರಲಿಲ್ಲ.

ರಂಗೋಲಿ ಪುಡಿ
ಒಪ್ಪಿದೆ ಮಂಜ. ಅದಕ್ಕೇ ಒಂದೇ ಕಡೆ ಹಾಕಿಸಬಾರದು. ಬೀದಿಗೊಂದು ಹಾಕಿಸಿ, ಆಮೇಲೆ ಪಕ್ಕಪಕ್ಕ ಇಟ್ಟು ನೋಡಬೇಕು. ಹೇಳಿಕೊಟ್ಟವರು ಇದನ್ನೂ ಹೇಳಿದ್ದರು. ಮಾಡುವವರಿಗೆ ಬಿಸಿಲಲ್ಲಿ ಸುತ್ತೋಕೆ ಬೇಜಾರು.

ಪಿಯು ಸೆಕೆಂಡ್ ಇಯರ್
ಲೈಬ್ರರಿ ಬಾಗಿಲಲ್ಲೇ ಪೇಪರ್ ಟೇಬಲ್ ಇರುತ್ತೆ. ಅಂಕಲ್‌ಗಳು ಕೂತಿರುತ್ತಾರೆ. ಅವರನ್ನು ದಾಟಿಕೊಂಡು ಹೋಗಬೇಕು. ಅದಕ್ಕೇ ನಾವು ಹೋಗಲ್ಲ. ಇದು ಯಾವ ಪ್ರಶ್ನೆ ಕೆಳಗೆ ಬರುತ್ತೆ?

ಸರ್ವೆ ಸುಮಾ (ಮೈಸೂರು)
ಯಾವ ಪ್ರಶ್ನೆ ಕೆಳಗೂ ಬರಲ್ಲ ಪುಟ್ಟ. ಕಬ್ಬಿನಗದ್ದೆಯವರೇ, 42 ಪ್ರಶ್ನೆ ಆಮೇಲೆ. ಇದನ್ನು ಮೊದಲು ಬರೆದುಕೊಳ್ಳಿ.

ಕಬ್ಬಿನಗದ್ದೆ
ನಮ್ಮಲ್ಲೂ ಟೇಬಲ್ ಅಲ್ಲೇ ಇದೆ. ಬೆಳಕು ಬರುತ್ತೆ ಅಂತ ಹಾಕಿದ್ದು. ಇಷ್ಟು ವರ್ಷ ಅದರ ಮೇಲೆ ಕೂತು ಪೇಪರ್ ಓದಿದ ಅಂಕಲ್‌ಗಳಲ್ಲಿ ನಾನೂ ಒಬ್ಬ.

ಆಲೆಮನೆ
ನಮ್ಮ ಕಡೆ ಗಾಣದಲ್ಲಿ ಉತ್ತರ ಪ್ರದೇಶದಿಂದ ಬಂದ ಕುಟುಂಬಗಳಿವೆ. ಕೊಪ್ಪರಿಗೆ ಪಕ್ಕದಲ್ಲೇ ಶೆಡ್ಡು, ಮಕ್ಕಳೂ ಅಲ್ಲೇ. ಅವರನ್ನೂ ಕೇಳುತ್ತೀರಾ?

ಕೆ.ಆರ್. ಪೇಟೆ ಕಿಟ್ಟಿ
ಅವರು ನಮ್ಮೂರಿನವರಾ? ವೋಟಿಲ್ಲ, ಕಂದಾಯ ಇಲ್ಲ. ಮೇಷ್ಟ್ರೇ ಹೇಳಿದರಲ್ಲ, ಕರ ಕಟ್ಟಿದವರ ದುಡ್ಡು ಅಂತ. ನಮ್ಮ ಹುಡುಗರಿಗೇ ಕೆಪಿಎಸ್‌ಸಿ ಪುಸ್ತಕ ಇಲ್ಲ, ಇನ್ನು ಹಿಂದಿ ಪುಸ್ತಕ ಬೇರೆ ತರಿಸೋಣವಾ?

ಆಲೆಮನೆ
ಹಿಂದಿ ಪುಸ್ತಕ ಕೇಳಿದವರು ಯಾರು ಕಿಟ್ಟಣ್ಣ? ಆ ಮಕ್ಕಳು ನಮ್ಮ ಶಾಲೆಗೇ ಹೋಗುತ್ತಿವೆ. ನನ್ನ ಮಗಳಿಗಿಂತ ಚೆನ್ನಾಗಿ ಕನ್ನಡ ಮಾತಾಡುತ್ತವೆ, ಅದೂ ಮಂಡ್ಯ ಕನ್ನಡ. ಒಬ್ಬ ಹುಡುಗ ನನಗೇ 'ಏನ್ಲಾ ಅಣ್ಣೋ' ಅಂತಾನೆ.

ನಿವೃತ್ತ ಮೇಷ್ಟ್ರು
ಕಿಟ್ಟಿ, ನನ್ನ ಮಾತನ್ನು ನನಗೇ ತಿರುಗಿಸಬೇಡ. ಕರ ಕಟ್ಟಿದವನಿಗೆ ಲೆಕ್ಕ ಕೇಳುವ ಹಕ್ಕಿದೆ ಅಂದೆ. ಕಟ್ಟದವನ ಮಗುವನ್ನು ಹೊರಗಿಡು ಅನ್ನಲಿಲ್ಲ.

ಸರ್ವೆ ಸುಮಾ (ಮೈಸೂರು)
ಲೆಕ್ಕದ ಪ್ರಕಾರವೂ ಒಂದು ತೊಡಕಿದೆ. ಪಂಚಾಯಿತಿಯ ಮನೆಪಟ್ಟಿ ಹಿಡಿದು ಹನ್ನೆರಡನೇ ಮನೆ ಎಣಿಸಿದರೆ ಶೆಡ್ಡು ಪಟ್ಟಿಯಲ್ಲೇ ಇರುವುದಿಲ್ಲ. ಕಬ್ಬು ಕಡಿಯೋಕೆ ಬಂದ ಗುಂಪುಗಳ ಗುಡಿಸಲೂ ಅಷ್ಟೇ. ಇಂಥ ಕಡೆ ಬೇರೆಯಾಗಿಯೇ ಹೋಗಬೇಕು, 90ರ ಜೊತೆ ಸೇರಿಸಬಾರದು. ಕೆಪಿಎಸ್‌ಸಿ ಹುಡುಗರು ಹೇಗಿದ್ದರೂ ತಾವಾಗಿಯೇ ಬಂದು ಕೇಳುತ್ತಾರೆ ಕಿಟ್ಟಿಯವರೇ. ಯಾವ ಸಮಿತಿಯಲ್ಲೂ ಅವರ ದನಿ ಕಮ್ಮಿ ಇರುವುದು ನಾನು ನೋಡಿಲ್ಲ.

ಕೆ.ಆರ್. ಪೇಟೆ ಕಿಟ್ಟಿ
ಅದು ಸರಿ. ಆದರೆ ಪುಸ್ತಕ ಮಾತ್ರ ತರಿಸಿ. ಪಿಎಸ್‌ಐ ಪರೀಕ್ಷೆಗೆ ಮಂಡ್ಯದ ಕೋಚಿಂಗಿಗೆ ದುಡ್ಡು ಸುರಿದು ನೋಡಿದ್ದೇನೆ. ಅಲ್ಲಿ ಕೊಡುವ ನೋಟ್ಸು ಜೆರಾಕ್ಸಿನ ಜೆರಾಕ್ಸು.

ನಾಲೆ ಏರಿ
ನೀವೆಲ್ಲ ಪುಸ್ತಕ ಟೇಬಲ್ ಅಂತಿದ್ದೀರಿ. ನಮ್ಮೂರಲ್ಲಿ ಯಾರನ್ನು ಕೇಳಿದರೂ ಮೊದಲು ಹೇಳುವುದು ನಾಲೆಗೆ ತಡೆಗೋಡೆ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಬಸ್ಸು ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಬಿದ್ದು 30 ಜನ ಹೋದರು. ಮಕ್ಕಳೂ ಇದ್ದರು. ನಮ್ಮೂರ ಏರಿ ಮೇಲೆ ಇವತ್ತೂ ಸ್ಕೂಲ್ ವ್ಯಾನ್ ಹೋಗುವಾಗ ನಾನು ಮಾತು ನಿಲ್ಲಿಸಿ ಅದು ದಾಟುವ ತನಕ ನೋಡುತ್ತಾ ನಿಲ್ಲುತ್ತೇನೆ.

ರಾಗಿಮುದ್ದೆ77
ಅಣ್ಣ, ಇದು ಲೈಬ್ರರಿ ಸರ್ವೆ.

ನಾಲೆ ಏರಿ
ಗೊತ್ತು. ಆದರೆ ಮನೆ ಬಾಗಿಲಿಗೆ ಬಂದು ಕೇಳುವವರು ಯಾವತ್ತೋ ಒಂದು ದಿನ ಬರುತ್ತಾರೆ. ಅವತ್ತು ಎದೆಯಲ್ಲಿರುವುದು ಹೇಳಬಾರದಾ?

ಸರ್ವೆ ಸುಮಾ (ಮೈಸೂರು)
ಹೇಳಬೇಕು. ಕೊನೇ ಪುಟ ಖಾಲಿ ಬಿಡಿ. ಲೈಬ್ರರಿಗೆ ಸಂಬಂಧ ಇಲ್ಲದ್ದು ಏನು ಹೇಳಿದರೂ ಅವರ ಮಾತಲ್ಲೇ ಅಲ್ಲಿ ಬರೆದುಕೊಂಡು, ಗ್ರಾಮಸಭೆಗೆ ಒಪ್ಪಿಸಿ ಸ್ವೀಕೃತಿ ತೆಗೆದುಕೊಳ್ಳಿ. ನಿಮ್ಮ ಕೈಯಲ್ಲಿ ಆಗಲ್ಲ ಅಂತ ಮನೆಯವರಿಗೆ ಅಲ್ಲೇ ಹೇಳಿಬಿಡಿ. ಸುಮ್ಮನೆ ತಲೆ ಆಡಿಸಿ ಬರಬೇಡಿ.

ಒಳಗಿನವನು
ನಾನೂ ಇಂಥ ಒಂದು ಸಮಿತಿಯಲ್ಲಿದ್ದೆ. ಸರ್ವೆ ಮಾಡುವ ಮೊದಲೇ ಏನು ಮಾಡಬೇಕು ಅಂತ ತೀರ್ಮಾನ ಆಗಿರುತ್ತೆ. ಸರ್ವೆ ಅದಕ್ಕೊಂದು ಸೀಲು. ಕಬ್ಬಿನಗದ್ದೆಯವರೇ, ನಿಜ ಹೇಳಿ, ನಿಮ್ಮಲ್ಲೂ ಏನೋ ಒಂದು ಕೊಟೇಶನ್ ಬಂದಿದೆ ಅಲ್ವಾ?

ಕಬ್ಬಿನಗದ್ದೆ
...ಕಮಾನು. ಮುಂದುಗಡೆ ಕಮಾನು ಕಟ್ಟಿಸಬೇಕಂತೆ. ಹೆಸರುಗಳ ಪಟ್ಟಿಯೂ ಸಿದ್ಧ ಇದೆ, ನನ್ನ ಹೆಸರು ಎಡಗಡೆ ಕೆಳಗಿನಿಂದ ಎರಡನೆಯದು.

ರಾಗಿಮುದ್ದೆ77
😂😂 ಬಿಡಬೇಡಿ ಅಣ್ಣ, ಹೆಸರು ಕಲ್ಲಲ್ಲಿ ಕೆತ್ತಿಸಿ.

ಕಬ್ಬಿನಗದ್ದೆ
(ಎಂಟು ದಿನ ಆದ ಮೇಲೆ ಬರೆಯುತ್ತಿದ್ದೇನೆ.)

42 ಪ್ರಶ್ನೆಯನ್ನು ಏಳಕ್ಕೆ ಇಳಿಸಿದೆವು. ಆದಾಯ, ಜಮೀನು ಎರಡೂ ಹೋದವು. ಮನೆಗಳಿಗೆ ಹೋಗುವ ಮೊದಲು ಡೈರಿ ಹತ್ತಿರ ಎರಡು ಬೆಳಿಗ್ಗೆ, ಒಂದು ಸಂಜೆ ನಿಂತೆ. ನನ್ನ ತಂಗಿಯನ್ನೂ ಕರೆದುಕೊಂಡು ಹೋಗಿದ್ದೆ. ನಾನೊಬ್ಬನೇ ಇದ್ದಾಗ 'ಎಲ್ಲ ಸರಿಯಾಗದೆ' ಅಂದವರು ತಂಗಿ ಕೇಳಿದಾಗ ಬಾಯಿ ಬಿಟ್ಟರು. ಮೂವತ್ತು ಚಿಲ್ಲರೆ ಜನ ಸಿಕ್ಕರು.

ಕಾಗದ ಓದಿಸೋಕೆ ಯಾರ ಹತ್ತಿರ ಹೋದಿರಿ ಅನ್ನುವ ಪ್ರಶ್ನೆ ಇದೆಯಲ್ಲ, ಸುಮಕ್ಕ ಹೇಳಿದ್ದು, ಅಲ್ಲೇ ಎಲ್ಲ ನಿಂತುಹೋಯಿತು. ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಅದೇ ಕತೆ. ಸಂಘದ ಸಾಲದ ಪಾಸ್‌ಬುಕ್, ಗೃಹಲಕ್ಷ್ಮಿ ಎರಡು ಸಾವಿರ ಯಾಕೆ ನಿಂತಿತು ಅನ್ನುವ ಮೆಸೇಜು, ಬ್ಯಾಂಕಿನ ನೋಟಿಸು. ಒಬ್ಬಾಕೆ ಕ್ಯಾನು ಕೆಳಗಿಟ್ಟು ಸೆರಗಿನ ಗಂಟು ಬಿಚ್ಚಿ ಒಂದು ಆಸ್ಪತ್ರೆ ಚೀಟಿ ಕೊಟ್ಟಳು. ಮಡಚಿ ಮಡಚಿ ಮಡಿಕೆಯಲ್ಲೇ ಹರಿದಿತ್ತು. 'ಮತ್ತೆ ಯಾವಾಗ ಬರಬೇಕು ಅಂತ ಬರ್ದವ್ರಂತೆ, ನೋಡವ್ವ' ಅಂತ ತಂಗಿಗೆ ಹೇಳಿದಳು. ಬರೆದ ದಿನ ಕಳೆದು ಮೂರು ದಿನ ಆಗಿತ್ತು. ಮಗ ಬೆಂಗಳೂರಲ್ಲಿದ್ದಾನೆ, ಬಂದಾಗ ಓದಿಸೋಣ ಅಂತ ಇಟ್ಟುಕೊಂಡಿದ್ದಳಂತೆ.

ಲೈಬ್ರರಿ ಆ ಡೈರಿಯಿಂದ ಎಂಬತ್ತು ಹೆಜ್ಜೆ. ನಾನೇ ಎಣಿಸಿದೆ. ಓದು ಬರುವ ಮೇಲ್ವಿಚಾರಕಿ ದಿನವೂ ಅಲ್ಲೇ ಕೂತಿರುತ್ತಾರೆ. ಅಲ್ಲಿಗೆ ಹೋಗಿ ಚೀಟಿ ಓದಿಸಬಹುದು ಅಂತ ಆಕೆಗೆ ಹೊಳೆದೇ ಇಲ್ಲ. ನಮಗೂ ಹೊಳೆದಿರಲಿಲ್ಲ. ಪುಸ್ತಕ ಓದುವವರಿಗೆ ಮಾತ್ರ ಲೈಬ್ರರಿ ಅಂತ ಇಬ್ಬರೂ ಅಂದುಕೊಂಡಿದ್ದೆವು.

ಶ್ರೀರಂಗಪಟ್ಟಣದ ಸೊಸೆ
ಆ ಚೀಟಿ ಏನಾಯ್ತು?

ಕಬ್ಬಿನಗದ್ದೆ
ಮಾರನೇ ದಿನ ತಂಗಿ ಜೊತೆಗೆ ಹೋಗಿ ತೋರಿಸಿಕೊಂಡು ಬಂದಳು ಅಕ್ಕ. ಬಸ್ ಫ್ರೀ ಇದೆಯಲ್ಲ, ಇಬ್ಬರಿಗೂ ಖರ್ಚಿಲ್ಲ.

ಒಳಗಿನವನು
ಇದನ್ನು ಸಮಿತಿಗೆ ಹೇಳಿದಿರಾ? ಕಮಾನು ಏನಾಯ್ತು?

ಕಬ್ಬಿನಗದ್ದೆ
ಹೇಳಿದೆ. ಮೇಲ್ವಿಚಾರಕಿ ಮಾತ್ರ ಒಂದು ಮಾತು ಸರಿಯಾಗಿಯೇ ಕೇಳಿದರು. 'ಸಂಜೆ ಒಂದು ಗಂಟೆ ಓದಿಕೊಡ್ತೀನಿ ಸಾರ್, ಆದರೆ ನನಗೆ ಸಂಬಳ ಕೊಡುವ ಗಂಟೆ ಒಳಗೇ ಇರಲಿ' ಅಂತ. ಅದಕ್ಕೆ ಹೊತ್ತು ಹೊಂದಿಸಬೇಕು. ಕಮಾನು ಇನ್ನೂ ಬಿದ್ದಿಲ್ಲ, ನಿಂತೂ ಇಲ್ಲ. 90 ಮನೆ ಈ ವಾರ ಶುರು. ಆಲೆಮನೆಗೆ ಭಾನುವಾರ ಹೋಗುತ್ತೇವೆ.

ಪಿಯು ಸೆಕೆಂಡ್ ಇಯರ್
ಅಂಕಲ್, ಟೇಬಲ್?

ಕಬ್ಬಿನಗದ್ದೆ
ನಾಲ್ಕು ಜನ ಹಿಡಿದರೆ ಐದು ನಿಮಿಷದ ಕೆಲಸ ಪುಟ್ಟ. ಆದರೆ ಮುಂದಿನ ಮೀಟಿಂಗ್ ಅಜೆಂಡಾದಲ್ಲಿ ಇಟ್ಟು ನಿರ್ಣಯ ಮಾಡಬೇಕಂತೆ.

ಹಾಲಿನ ಕ್ಯಾನು
ಬೆಳಿಗ್ಗೆ ಐದೂವರೆಗೆ ಬನ್ನಿ ಅಣ್ಣ. ಆಗ ಪೇಪರೂ ಬಂದಿರಲ್ಲ, ಅಂಕಲ್‌ಗಳೂ ಬಂದಿರಲ್ಲ. ನಾನೊಂದು ಕಡೆ ಹಿಡಿಯುತ್ತೇನೆ.

ರಾಗಿಮುದ್ದೆ77
ಇನ್ನೊಂದು ಕಡೆ ನಾನು. ಬೋಂಡ ಯಾರು ತರುತ್ತೀರಿ?